ಲಿಫ್ಟರ್ ಸಿಗಲಿಲ್ಲ ಎಂದು ಬರೆಸಿದ ವರ್ಷ

ನಾನು ದುಡಿದ ಕಾರ್ಖಾನೆಯಲ್ಲಿ ವಾಲಿಬಾಲ್ ಆಟಗಾರರನ್ನು ಹುಡುಕಿ ತರುವ ಕೆಲಸಕ್ಕೆ ಈಗ ಇಬ್ಬರು ಹೊಸಬರು ಸೇರಿದ್ದಾರೆ. ಹೋದ ತಿಂಗಳು ಮನೆಗೆ ಬಂದು, "ಕಾಕಾ, ನೀವು ಹೆಂಗ ಹುಡುಕ್ತಿದ್ರಿ, ಒಂದೀಟು ಬರದು ಕೊಡ್ರಿ" ಎಂದರು. ನಾನು ಓದಿದ್ದು ನಾಲ್ಕನೇ ಇಯತ್ತೆ. "ನನಗ ಬರೀಲಿಕ್ಕ ಬರಂಗಿಲ್ಲಪಾ, ಬರಸ್ಲಿಕ್ಕ ಬರ್ತದ" ಎಂದು ನಕ್ಕೆ. ಅದು ನಿಜ. ನೌಕರಿಯ ಉದ್ದಕ್ಕೂ ನಾನು ಹೇಳುತ್ತಿದ್ದೆ, ಆಫೀಸಿನ ಗುಮಾಸ್ತರು ಬರೆಯುತ್ತಿದ್ದರು. ಇದನ್ನು ಮಾತ್ರ ನಾನೇ ಬರೆಯುತ್ತಿದ್ದೇನೆ. ಇದರಲ್ಲಿ ನನ್ನ ತಮ್ಮನ ವಿಷಯ ಬರುತ್ತದೆ. ಅದನ್ನು ಇನ್ನೊಬ್ಬರ ಕೈಯಲ್ಲಿ ಬರೆಸುವ ಧೈರ್ಯ ನನಗಿಲ್ಲ.

ಕಾರ್ಖಾನೆಯ ಹೆಸರು ಬೇಡ. ನಮ್ಮ ಜಿಲ್ಲೆ ಹೈದರಾಬಾದಿನಿಂದ ಮೈಸೂರು ರಾಜ್ಯಕ್ಕೆ ಸೇರಿ ಕೆಲವು ವರ್ಷಗಳಾಗಿದ್ದವು. ನಾನು ದಂಡೋತಿಯಿಂದ ಬಂದು ಮೈದಾನದ ಮಜೂರನಾಗಿ ಸೇರಿಕೊಂಡೆ. ಬೆಳಿಗ್ಗೆ ನೀರು ಹೊಡೆಯುವುದು, ಸುಣ್ಣದ ಗೆರೆ ಎಳೆಯುವುದು, ಸಂಜೆ ನಾಲ್ಕಕ್ಕೆ ನೆಟ್ ಕಟ್ಟುವುದು, ಆಟ ಮುಗಿದ ಮೇಲೆ ಬಿಚ್ಚಿ ಸುತ್ತಿಡುವುದು ನನ್ನ ಕೆಲಸ. ಸೇರಿದ್ದು ಮಜೂರನಾಗಿ, ಮನಸ್ಸಿನಲ್ಲಿದ್ದುದು ಆಟಗಾರನಾಗುವುದು. ಆಟಗಾರರು ಬರುವ ಮುಂಚೆ ನಾನೊಬ್ಬನೇ ನೆಟ್ಟಿನ ಮುಂದೆ ಹಾರಿ ಹಾರಿ ನೋಡುತ್ತಿದ್ದೆ. ಒಂದು ದಿನ ನಮ್ಮ ತರಬೇತಿದಾರ ಖಾದರ್ ಮಾಸ್ತರ್ ಹಿಂದೆ ನಿಂತು ಅದನ್ನು ನೋಡಿಬಿಟ್ಟರು. ಅವರು ಶಹಾಬಾದಿನವರು. ಬಾಯಿಯಲ್ಲಿ ಯಾವಾಗಲೂ ಸೀಟಿ, ಸೀಟಿ ತೆಗೆದರೆ ಬೈಗುಳ.

"ಶರಣಪ್ಪಾ, ಅರೇ ಭಾಯಿ, ನಿನ್ನ ಕಾಲು ಭೂಮಿಗಿ ಅಂಟ್ಯಾವ. ಬಿಡು, ನೆಟ್ ಕಟ್ಟು" ಎಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಆ ಮಾತು ನನ್ನೊಳಗೆ ಎಷ್ಟು ವರ್ಷ ಕೂತಿತ್ತು ಎಂಬುದು ಮುಂದೆ ತಿಳಿಯುತ್ತದೆ.

ಹುಡುಕುವ ಕೆಲಸ ನನ್ನ ಪಾಲಿಗೆ ಬಂದದ್ದು ವಾಡಿ ಸ್ಟೇಷನ್ನಿನಲ್ಲಿ. ಕಾರ್ಖಾನೆಗೆ ಬಂದ ಆಟದ ಸಾಮಾನು ಬಿಡಿಸಿಕೊಳ್ಳಲು ಹೋಗಿದ್ದೆ. ಗಾಡಿ ಬರುತ್ತಿತ್ತು. ಅದು ನಿಲ್ಲುವ ಮುಂಚೆಯೇ ಹಮಾಲರು ರೈಲು ಡಬ್ಬಿಗಳ ಜೊತೆ ಓಡುವುದು ಅಲ್ಲಿನ ರೂಢಿ. ಮೊದಲು ಹತ್ತಿದವನಿಗೆ ಹೊರೆ. ಎಲ್ಲರೂ ನಾಲ್ಕು ಹೆಜ್ಜೆ ಓಡಿ, ಹಿಡಿಕೆ ಹಿಡಿದು ಮೈ ಎಳೆದುಕೊಂಡು ಹತ್ತಿದರು. ಯೂಸುಫ್ ಎಂಬ ಒಬ್ಬ ಮಾತ್ರ ಹಿಡಿಕೆ ಮುಟ್ಟಲಿಲ್ಲ. ಎರಡು ಉದ್ದ ಹೆಜ್ಜೆ, ಮೂರನೆಯದಕ್ಕೆ ಎರಡೂ ಕಾಲು ಕೂಡಿಸಿ ಎದ್ದ. ಡಬ್ಬಿಯ ಬಾಗಿಲಲ್ಲಿ ಕಾಲೂರಿದಾಗ ಸಪ್ಪಳವೇ ಆಗಲಿಲ್ಲ. ನಾನು ಸಾಮಾನು ಮರೆತು ಇನ್ನೂ ಎರಡು ಗಾಡಿ ಬರುವ ತನಕ ಅಲ್ಲೇ ಕುಳಿತೆ. ಮೂರು ಸಲವೂ ಹಾಗೆಯೇ ಎದ್ದ.

ಮಾಸ್ತರಿಗೆ ಹೇಳಿದೆ. ಮರುದಿನ ಅವರೇ ಬಂದು ನೋಡಿ, ಸೀಟಿ ತೆಗೆದು, "ಯಾ ಅಲ್ಲಾ" ಎಂದರು. ಯೂಸುಫನನ್ನು ಕರೆದು ವಾಲಿಬಾಲ್ ಆಡುತ್ತೀಯಾ ಎಂದು ಕೇಳಿದಾಗ ಅವನು ನಮ್ಮಿಬ್ಬರನ್ನೂ ಮೇಲೆ ಕೆಳಗೆ ನೋಡಿದ.

"ಚೆಂಡು ಹೊರಬೇಕಾ? ಎಷ್ಟು ತೂಕದ್ದದ?"

"ಹೊರೂದಲ್ಲೋ, ಹೊಡಿಯೂದು."

"ಸುಮ್ನ ಹೊಡಿಯೂದಾ? ಮತ್ತ ಅದು ಎಲ್ಲಿಗಿ ಹೋಗಬೇಕು?"

ಎಲ್ಲಿಗೆ ಹೋಗಬೇಕೆಂದು ಕಲಿಯಲು ಅವನಿಗೆ ಎಂಟು ತಿಂಗಳು ಹಿಡಿಯಿತು. ಆಮೇಲೆ ಅವನಂಥ ಹೊಡೆತಗಾರ ನಮ್ಮ ಮೈದಾನಕ್ಕೆ ಬರಲಿಲ್ಲ. ಅವನು ನೆಟ್ಟಿನ ಮೇಲೆ ಎದ್ದು ನಿಂತಾಗ ಎದುರಿನವರು ಚೆಂಡನ್ನು ಬಿಟ್ಟು ಅವನನ್ನೇ ನೋಡುತ್ತಿದ್ದುದನ್ನು ನಾನು ಕಂಡಿದ್ದೇನೆ. ಕಾಯಂ ನೌಕರಿ, ವಾಸಕ್ಕೆ ಕ್ವಾರ್ಟರ್ಸ್, ಮಕ್ಕಳಿಗೆ ಸಾಲಿ ಎಲ್ಲವೂ ಆ ಮೂರನೆಯ ಹೆಜ್ಜೆಯಿಂದ ಬಂದವು.

ಅವತ್ತಿನಿಂದ ಮಾಸ್ತರು ನನ್ನ ಕಾಲಿನ ಮಾತು ಬಿಟ್ಟು ಕಣ್ಣಿನ ಮಾತು ಆಡತೊಡಗಿದರು. ನನ್ನನ್ನು ಊರೂರಿಗೆ ಕಳಿಸಿದರು. ಅವರು ಕಲಿಸಿದ್ದನ್ನು ಹೊಸಬರಿಗೆ ಹೇಳುತ್ತೇನೆ. ನೋಡಲು ಬಂದಿದ್ದೀನಿ ಎಂದು ಯಾರಿಗೂ ಹೇಳಬಾರದು. ಹೇಳಿದರೆ ಆಡುವುದು ಬಿಟ್ಟು ತೋರಿಸತೊಡಗುತ್ತಾರೆ. ಚೆಂಡಿನ ಹಿಂದೆ ಕಣ್ಣು ಓಡಿಸಬಾರದು, ಚೆಂಡಿಲ್ಲದವನು ಏನು ಮಾಡುತ್ತಾನೆ ಎಂದು ನೋಡಬೇಕು. ತಪ್ಪು ಮಾಡಿದ ಮೇಲೆ ಯಾರ ಕಡೆ ನೋಡುತ್ತಾನೆ ಎಂಬುದನ್ನು ಗಮನಿಸಬೇಕು. ಜೊತೆಗಾರನ ಕಡೆ ಸಿಟ್ಟಿನಿಂದ ನೋಡುವವನು ಬೇಡ. ವರದಿಗೂ ಅವರದೇ ಒಂದು ಕ್ರಮ ಇತ್ತು. ಹೆಸರು, ಊರು, ಕಾಲು, ಕೈ, ಕೊನೆಗೆ ಒಂದು ಮಾತು. ಯೂಸುಫನ ವರದಿಯ ಕೊನೆಗೆ ನಾನು ಬರೆಸಿದ್ದು: "ಗಾಡಿ ಇವನನ್ನು ಕಾಯುತ್ತದೆ." ಗುಮಾಸ್ತರು ಪೆನ್ನು ಎತ್ತಿ, ಇದನ್ನೂ ಬರೀಲೇನು ಎಂದು ಕೇಳಿದ್ದರು.

ದೊಡ್ಡ ಎಡವಟ್ಟೂ ಆಯಿತು. ಸೇಡಂ ತಾಲೂಕಿನ ಕೋಡ್ಲಾದಲ್ಲಿ ಮಾಣಿಕ ಎಂಬುವನಿದ್ದ. ಆಗ ಆ ಊರಿಗೆ ಸಿಮೆಂಟಿನ ಧೂಳು ಬಂದಿರಲಿಲ್ಲ, ತೊಗರಿ ಹೊಲಗಳ ನಡುವೆ ಒಂದು ಮೈದಾನ. ನಮ್ಮ ಹಳ್ಳಿಗಳಲ್ಲಿ ಆಡುತ್ತಿದ್ದುದು ಶೂಟಿಂಗ್ ವಾಲಿಬಾಲ್. ಬಂದ ಚೆಂಡನ್ನು ಎರಡೂ ಕೈಯಿಂದ ನೇರವಾಗಿ ಆ ಕಡೆಗೆ ಬಾರಿಸಿಬಿಡುವುದು. ಕಾರ್ಖಾನೆಯ ಆಟ ಬೇರೆ. ಅದರಲ್ಲಿ ಒಬ್ಬ ಚೆಂಡನ್ನು ತಡೆಯುತ್ತಾನೆ, ಇನ್ನೊಬ್ಬ ನೆಟ್ಟಿನ ಪಕ್ಕಕ್ಕೆ ಎತ್ತಿಕೊಡುತ್ತಾನೆ, ಮೂರನೆಯವನು ಹಾರಿ ಹೊಡೆಯುತ್ತಾನೆ. ಎತ್ತಿಕೊಡುವವನಿಗೆ ಲಿಫ್ಟರ್ ಎನ್ನುತ್ತಿದ್ದೆವು. ಮಾಣಿಕ ಶೂಟಿಂಗಿನ ರಾಜ. ಅವನ ಕೈ ಕಂಡು ನಾನು ಹುಚ್ಚನಾದೆ, ಬೇರೇನೂ ನೋಡಲಿಲ್ಲ. ಕರೆತಂದ ಮೇಲೆ ಗೊತ್ತಾಯಿತು, ಅವನಿಗೆ ತಾಳ್ಮೆಯೇ ಇಲ್ಲ. ತಡೆಯಬೇಕಾದ ಚೆಂಡನ್ನೂ ಹೊಡೆದ, ಎತ್ತಬೇಕಾದುದನ್ನೂ ಹೊಡೆದ, ಒಮ್ಮೆ ಯೂಸುಫ್ ಹೊಡೆಯಲು ಎದ್ದಿದ್ದಾಗ ಅವನ ಮುಂದಿನ ಚೆಂಡನ್ನೂ ಹೊಡೆದ.

"ಮತ್ತೊಬ್ಬರಿಗಿ ಯಾಕ ಕೊಡಬೇಕ್ರಿ? ನನ್ನ ಕಡಿ ಬಂದದ್ದು ನಂದು" ಎಂದು ನ್ಯಾಯ ಹೇಳಿದ. ಮೂರು ತಿಂಗಳಲ್ಲಿ ಬೇಸತ್ತು ಊರಿಗೆ ಹೋದ.

ಇದಕ್ಕೆ ನನ್ನ ಕೆಲಸ ಹೋಗುತ್ತದೆ ಎಂದುಕೊಂಡಿದ್ದೆ. ನಮ್ಮ ವೆಲ್‌ಫೇರ್ ಸಾಹೇಬರು ಮೈಸೂರು ಕಡೆಯವರು, ಗಟ್ಟಿಯಾಗಿ ಮಾತಾಡಿದ್ದನ್ನೇ ನಾನು ಕೇಳಿಲ್ಲ. ಕರೆಸಿಕೊಂಡು, "ಶರಣಪ್ಪ, ನೀನು ತಂದಿದ್ದು ಒಳ್ಳೇ ಎತ್ತನ್ನೇ ಕಣಪ್ಪಾ. ಹೂಡಿದ ಗಾಡಿ ಬೇರೆ ಆಯ್ತು, ಅಷ್ಟೇ. ಮುಂದಿನ ಸಲ ಗಾಡೀನೂ ನೋಡು" ಎಂದರು. ಅಂಥ ಮೇಲಧಿಕಾರಿಯ ಕೈಕೆಳಗೆ ದುಡಿದೆ ಎಂಬುದು ನನ್ನ ಹೆಮ್ಮೆ. ಅದಕ್ಕೇ ಮುಂದೆ ಬರೆಯುವುದು ಇನ್ನಷ್ಟು ಕಷ್ಟ.

ಚಿಂಚೋಳಿಯ ಕಾಡಿನ ಅಂಚಿನ ತಾಂಡಾದಲ್ಲಿ ಸೋಮ್ಲಾ ಸಿಕ್ಕಿದ. ಆಡು ಕಾಯುತ್ತಿದ್ದ. ಎಡಗೈಯವನು. ಕೊಂಬೆಗೆ ಸಿಕ್ಕಿಸಿದ ಬುತ್ತಿಯ ಗಂಟನ್ನು ಹಾರಿ ತೆಗೆಯುತ್ತಿದ್ದ; ಆ ಕೊಂಬೆಯನ್ನು ನಾನು ಕಟ್ಟಿಗೆ ಹಿಡಿದು ಅಳೆದೆ, ನಮ್ಮ ನೆಟ್ಟಿಗಿಂತ ಒಂದು ಮೊಳ ಮೇಲಿತ್ತು. ಅವನು ಒಪ್ಪಿದ. ಅವನ ತಾಯಿ ಒಪ್ಪಲಿಲ್ಲ. ಕೊರಳ ತುಂಬ ಸರ ಹಾಕಿಕೊಂಡ ಎತ್ತರದ ಹೆಂಗಸು, ಗುಡಿಸಲಿನ ಬಾಗಿಲಲ್ಲಿ ಅಡ್ಡ ಕುಳಿತಿದ್ದಳು.

"ಚೆಂಡು ಹೊಡದ್ರ ನೌಕರಿ ಕೊಡ್ತಾರಾ? ಹಂಗಿದ್ರ ನಮ್ಮ ತಾಂಡಾದ ಪೋರರೆಲ್ಲಾ ಇಷ್ಟೊತ್ತಿಗಿ ಕಲೆಕ್ಟರ್ ಆಗಬೇಕಿತ್ತು!"

ಎರಡನೆಯ ಸಲ ಹೋದಾಗ ನೀರು ಕೊಟ್ಟಳು. ಮೂರನೆಯ ಸಲ ಒಳಗೆ ಕರೆದು ರೊಟ್ಟಿ ಹಾಕಿದಳು. ನಾನು ತಿನ್ನುವುದನ್ನೇ ನೋಡುತ್ತ ಕೇಳಿದಳು.

"ನಿನಗ ಅಣ್ಣತಮ್ಮರು ಅದಾರೇನು?"

"ಒಬ್ಬ ತಮ್ಮ ಅದಾನವ್ವ. ಗುರುನಾಥ."

"ಅವಾ ಏನ್ ಮಾಡ್ತಾನ?"

"ಕಲ್ಲಿನ ಖಣಿಯಾಗ ದುಡೀತಾನ."

"ಮತ್ತ ಅವನ್ನ ಯಾಕ ಒಯ್ದಿಲ್ಲ? ಇದು ಭಾಳ ಚಲೋ ನೌಕರಿ ಅಂತಿ. ಮಂದಿ ಮಗನ್ನ ಮೊದಲ ಒಯ್ತಾರೇನು?"

"ಅವನಿಗಿ ಆಟ ಬರಂಗಿಲ್ಲವ್ವ" ಎಂದೆ. ಅವಳು ಅದನ್ನು ನಂಬಿ ಮಗನನ್ನು ಕಳಿಸಿದಳು. ಸೋಮ್ಲಾ ಮುಂದೆ ನಮ್ಮ ತಂಡದ ನಾಯಕನಾದ. ತಾಯಿಯನ್ನು ಕ್ವಾರ್ಟರ್ಸಿಗೆ ಕರೆತಂದು, ಆಟ ಇದ್ದಾಗಲೆಲ್ಲ ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದ. ಅವಳು ನನ್ನನ್ನು ಕಂಡಾಗಲೆಲ್ಲ, "ನಿನ್ನ ತಮ್ಮ ಹೆಂಗದಾನ?" ಎಂದು ಕೇಳುತ್ತಿದ್ದಳು.

ಈಗ ತಮ್ಮನ ಮಾತು.

ಸೋಮ್ಲಾ ಸೇರಿದ ಮರುವರ್ಷ ನಮ್ಮ ಹತ್ತಿರ ಯೂಸುಫ್ ಇದ್ದ, ಸೋಮ್ಲಾ ಇದ್ದ, ಎತ್ತಿಕೊಡುವವನೇ ಇರಲಿಲ್ಲ. ಇದ್ದ ಲಿಫ್ಟರ್ ವಯಸ್ಸಾಗಿ ಆಟ ಬಿಟ್ಟಿದ್ದ. ಲಿಫ್ಟರ್‌ಗಾಗಿ ಒಂದು ಕಾಯಂ ಜಾಗ ಖಾಲಿ ಇತ್ತು, ಅದನ್ನು ಆ ವರ್ಷವೇ ತುಂಬಬೇಕಿತ್ತು. "ಒಳ್ಳೆ ಲಿಫ್ಟರ್ ಎತ್ತಿದ ಚೆಂಡು ಗಾಳ್ಯಾಗ ಒಂದು ಉಸುರು ನಿಂದ್ರತದ. ಅಂಥವನ್ನ ತಾ" ಎಂದರು ಮಾಸ್ತರು. ಶೂಟಿಂಗ್ ಆಡುವ ಹಳ್ಳಿಗಳಲ್ಲಿ ಲಿಫ್ಟರ್ ಸಿಗುವುದು ಸಾಧ್ಯವಿಲ್ಲ, ಅಲ್ಲಿ ಯಾರೂ ಯಾರಿಗೂ ಎತ್ತಿಕೊಡುವುದಿಲ್ಲ. ಆಟದ ಹೊರಗೆ ಹುಡುಕಬೇಕಿತ್ತು. ಮತ್ತು ಅವನು ಎಲ್ಲಿದ್ದಾನೆ ಎಂಬುದು ನನಗೆ ಗೊತ್ತಿತ್ತು.

ಗುರುನಾಥ ನನಗಿಂತ ಆರು ವರ್ಷ ಚಿಕ್ಕವನು. ಚಿತ್ತಾಪುರದ ಈಚೆಯ ಖಣಿಯಲ್ಲಿ ಲಾರಿಗೆ ಫರಸಿ ಕಲ್ಲಿನ ಚಪ್ಪಡಿ ತುಂಬುತ್ತಿದ್ದ. ದೊಡ್ಡ ಕಲ್ಲುಗಳನ್ನು ನಾಲ್ಕು ಜನ ಹೊರುತ್ತಾರೆ. ಸಣ್ಣ ತುಂಡುಗಳನ್ನು ಒಬ್ಬ ಕೆಳಗಿನಿಂದ ಮೇಲೆ ಎಸೆಯುತ್ತಾನೆ, ಲಾರಿಯ ಮೇಲೆ ನಿಂತವನು ಹಿಡಿದು ಜೋಡಿಸುತ್ತಾನೆ. ಹಿಡಿಯುವವರ ಕೈ ಸಂಜೆಗೆ ಒಡೆದು ರಕ್ತ ಬರುತ್ತದೆ. ಗುರುನಾಥ ಎಸೆದರೆ ಬರುತ್ತಿರಲಿಲ್ಲ. ಅವನ ಕಲ್ಲು ಮಟ್ಟಸವಾಗಿ ಮೇಲೆ ಹೋಗಿ, ಹಿಡಿಯುವವನ ಎದೆಯ ಎತ್ತರದಲ್ಲಿ ವೇಗ ಕಳೆದುಕೊಂಡು ನಿಲ್ಲುತ್ತಿತ್ತು. ಮೇಲಿನವನು ಬರೀ ತೆಗೆದುಕೊಳ್ಳಬೇಕು. ಮೇಲಿನ ಕೆಲಸಕ್ಕೆ ಎಲ್ಲರೂ ಗುರುನಾಥನ ಲಾರಿಯನ್ನೇ ಕೇಳುತ್ತಿದ್ದರು. ಕೇಳುವವರಿಗೂ ಅದು ಯಾಕೆಂದು ಸರಿಯಾಗಿ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ನನ್ನ ಜೀವನದಲ್ಲಿ ನಾನು ಕಂಡ ಅತ್ಯಂತ ಒಳ್ಳೆಯ ಕೈಗಳು ಅವು.

ಹೇಳಲಿಲ್ಲ. ಕಾರಣ ಕೇಳಿದರೆ ಒಂದು ಸಿದ್ಧವಾಗಿತ್ತು. ನಮ್ಮ ಅವ್ವ ನಡೆಯಲಾರದೆ ಹಾಸಿಗೆ ಹಿಡಿದಿದ್ದಳು. ದಂಡೋತಿಯಲ್ಲಿ ಅವಳನ್ನು ನೋಡಿಕೊಳ್ಳುತ್ತಿದ್ದವನು ಗುರುನಾಥ. ಅವನು ಬಂದರೆ ಅವ್ವನಿಗೆ ಯಾರು? ಆದರೆ ಅವ್ವನನ್ನು ಕ್ವಾರ್ಟರ್ಸಿಗೆ ಕರೆತರಬಹುದಿತ್ತು, ಸೋಮ್ಲಾ ತನ್ನ ತಾಯಿಯನ್ನು ತಂದ ಹಾಗೆ. ನಿಜವಾದ ಕಾರಣ ಬೇರೆ. ಸಂಜೆ ನಾಲ್ಕಕ್ಕೆ ನನ್ನ ತಮ್ಮ ಬಿಳಿ ಬೂಟು ಹಾಕಿ ಮೈದಾನಕ್ಕೆ ಇಳಿಯುವುದು, ನಾನು ಅವನಿಗೆ ನೆಟ್ ಕಟ್ಟುವುದು. ಅದನ್ನು ನೆನೆದರೆ ನನಗೆ ತಡೆಯಲಾಗುತ್ತಿರಲಿಲ್ಲ. ಮಂದಿಯ ತಮ್ಮಂದಿರಿಗೆ ನೆಟ್ ಕಟ್ಟುವುದರಲ್ಲಿ ನನಗೆ ಸಂತೋಷವೇ ಇತ್ತು.

ಒಂದು ಮಧ್ಯಾಹ್ನ ಸಾಹೇಬರ ಜೊತೆ ಚಿತ್ತಾಪುರದಿಂದ ಜೀಪಿನಲ್ಲಿ ಮರಳುತ್ತಿದ್ದೆ. ಖಣಿಯ ಬಳಿ ಲಾರಿ ರಸ್ತೆಗೆ ಅಡ್ಡ ನಿಂತು ಕಲ್ಲು ತುಂಬಿಸಿಕೊಳ್ಳುತ್ತಿತ್ತು. ಜೀಪು ನಿಂತಿತು. ಸಾಹೇಬರು ಸುಮ್ಮನೆ ನೋಡುತ್ತಿದ್ದವರು ಮುಂದಕ್ಕೆ ಬಾಗಿದರು.

"ಶರಣಪ್ಪ, ಆ ಕೆಳಗಿರೋನನ್ನ ನೋಡಿದ್ಯಾ?"

"ನೋಡ್ದೆರಿ."

"ಕಲ್ಲು ಎಸೀತಿದಾನೋ, ಹೂವು ಕೊಡ್ತಿದಾನೋ! ಇವನನ್ನ ಲಿಫ್ಟರ್ ಮಾಡಿದ್ರೆ ಹೇಗೆ?"

ಒಂದೇ ಮಾತು ಸಾಕಿತ್ತು. ನನ್ನ ತಮ್ಮ ಅದಾನ್ರಿ ಎಂದಿದ್ದರೆ ಜೀಪು ಅಲ್ಲೇ ಅವನನ್ನು ಹತ್ತಿಸಿಕೊಳ್ಳುತ್ತಿತ್ತು. ಕಲ್ಲು ತಾಗದಿರಲೆಂದು ಅವನು ಎರಡೂ ಕೈಗೆ ಹಳೆಯ ಟ್ಯೂಬಿನ ರಬ್ಬರ್ ಸುತ್ತಿಕೊಂಡಿದ್ದ. ನನ್ನ ಕಣ್ಣು ಅದರ ಮೇಲೆ ಬಿತ್ತು.

"ನಮ್ಮೂರವನೇ ಅದಾನ್ರಿ. ಎಡಗೈದು ಎರಡು ಬೆರಳು ಮುರ್ದು ಸೊಟ್ಟ ಕೂಡ್ಯಾವ. ಕಲ್ಲಿಗಿ ನಡೀತದ, ಚೆಂಡಿಗಿ ನಡ್ಯಂಗಿಲ್ಲ."

"ಛೇ, ಪಾಪ" ಎಂದರು ಸಾಹೇಬರು. ಅಷ್ಟರಲ್ಲಿ ಗುರುನಾಥ ನನ್ನನ್ನು ಕಂಡು, "ಅಣ್ಣಾ!" ಎಂದು ಕೂಗಿ ಕೈ ಎತ್ತಿದ.

"ನಿನ್ನನ್ನೇ ಕರೀತಿದಾನೆ?"

"ನಮ್ಮ ಕಡಿ ದೊಡ್ಡವರಿಗೆಲ್ಲಾ ಹಂಗೇ ಕರೀತಾರ್ರಿ" ಎಂದೆ. ಲಾರಿ ಸರಿಯಿತು. ಜೀಪು ಹೊರಟಿತು. ನಾನು ಹಿಂದಿರುಗಿ ನೋಡಲಿಲ್ಲ.

ತಿಂಗಳ ಕೊನೆಗೆ ಗುಮಾಸ್ತರ ಮುಂದೆ ಕುಳಿತು, "ಸೇಡಂ, ಚಿತ್ತಾಪುರ, ಕಾಳಗಿ, ಚಿಂಚೋಳಿ ಎಲ್ಲ ಕಡೆ ನೋಡಲಾಯಿತು, ಲಿಫ್ಟರ್ ಸಿಗಲಿಲ್ಲ" ಎಂದು ಬರೆಸಿದೆ. ದೂರದಿಂದ ಒಬ್ಬನನ್ನು ತಂದು ಆ ಜಾಗ ತುಂಬಿದರು. ಕೆಟ್ಟ ಆಟಗಾರನಲ್ಲ. ಆದರೆ ಅವನು ಎತ್ತಿದ ಚೆಂಡು ಗಾಳಿಯಲ್ಲಿ ನಿಲ್ಲುತ್ತಿರಲಿಲ್ಲ. ಯೂಸುಫ್ ಪ್ರತಿ ಸಲ ಅರ್ಧ ಕ್ಷಣ ಮುಂಚೆಯೋ ತಡವಾಗಿಯೋ ಏಳುತ್ತಿದ್ದ. ನಾನು ನೆಟ್ಟಿನ ಕಂಬಕ್ಕೆ ಒರಗಿ ನಿಂತು ಅದನ್ನು ನೋಡುತ್ತಿದ್ದೆ.

ಆಮೇಲೆ ಕೆಲಸದ ರೀತಿ ಬದಲಾಯಿತು. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದ ಹೊತ್ತಿಗೆ ಸಾಹೇಬರು ವರ್ಗವಾಗಿ ಹೋಗಿದ್ದರು. ಹೊಸ ಅಧಿಕಾರಿಗಳು ಟೇಪು, ಗಡಿಯಾರ, ಸರ್ಟಿಫಿಕೇಟು ಕೇಳಿದರು. ಹಾರಿದ್ದನ್ನು ಗೋಡೆಗೆ ಸುಣ್ಣ ಹಚ್ಚಿ ಅಳೆಯತೊಡಗಿದೆವು. ಅದರಿಂದ ಒಳ್ಳೆಯದೂ ಆಯಿತು. ಅಳತೆಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರುವುದಿಲ್ಲ. ಆದರೆ ಖಾದರ್ ಮಾಸ್ತರು ನಿವೃತ್ತರಾಗುವ ತನಕ ನನ್ನ ವರದಿಗೆ ಸಹಿ ಹಾಕುವ ಮುಂಚೆ ಒಂದು ಮಾತು ತಪ್ಪದೆ ಕೇಳುತ್ತಿದ್ದರು: "ಕೈ ಬಿಚ್ಚಿಸಿ ನೋಡಿದಿ ಹೌದಿಲ್ಲೋ?" ವಯಸ್ಸಾದವರ ರೂಢಿ ಎಂದುಕೊಂಡಿದ್ದೆ.

ನಾನು ನಿವೃತ್ತನಾದ ಮೇಲೆ ಒಂದು ಬೆಳಿಗ್ಗೆ ದಂಡೋತಿಗೆ ಹೋದೆ. ಅವ್ವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಗುರುನಾಥ ಖಣಿ ಬಿಟ್ಟು ಕಾಗಿಣಾ ದಂಡೆಯ ತುಂಡು ಹೊಲದಲ್ಲಿ ಬದನೆ ಹಾಕಿದ್ದ. ಧೂಳು ಕುಡಿದ ಎದೆ, ಮಾತಿನ ನಡುವೆ ಕೆಮ್ಮು. ಚಹಾ ಮಾಡಿಸಿದ. ಕುಡಿಯುವ ಮುಂಚೆ ಹೇಳಿಬಿಡಬೇಕೆಂದು ಎಲ್ಲವನ್ನೂ ಹೇಳಿದೆ. ಜೀಪು, ಸಾಹೇಬರು, ಬೆರಳು, ಬರೆಸಿದ ವರದಿ. ಅವನು ಕೇಳುತ್ತ ಲೋಟದ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದ.

"ಮುಗೀತೇನು?" ಎಂದ.

"ಮುಗೀತು."

"ನನಗ ಅವತ್ತಿನ ವಾರದಾಗೇ ಗೊತ್ತಾಗಿತ್ತಣ್ಣಾ. ಖಾದರ್ ಮಾಸ್ತರ್ ಖಣಿಗಿ ಬಂದಿದ್ರು. ಸಾಹೇಬ್ರು ಕಳಸ್ಯಾರ ಅಂದ್ರು. 'ನಿನ್ನ ಬೆರಳು ಮುರದಾವಂತ ಶರಣಪ್ಪ ಹೇಳ್ಯಾನ. ರಬ್ಬರ್ ಬಿಚ್ಚು, ನೋಡ್ತೀನಿ' ಅಂದ್ರು."

ನನ್ನ ಕೈಯಲ್ಲಿದ್ದ ಲೋಟ ಕೆಳಗಿಟ್ಟೆ.

"ಮೊದಲ ನನಗ ತಿಳೀಲಿಲ್ಲ. ಆಮ್ಯಾಲ ತಿಳೀತು. ನೀ ಸುಳ್ಳಾದ್ರ ನಿನ್ನ ನೌಕರಿ ಹೋಗ್ತದ, ಅವ್ವನ ಗುಳಿಗಿ ಬರೂದು ಅದರಿಂದ. ಬಿಚ್ಚಿದೆ. ಬೆರಳು ಹೀಂಗ ಹಿಡ್ದೆ." ಎಡಗೈ ಮುಂದೆ ಚಾಚಿ, ಕೊನೆಯ ಎರಡು ಬೆರಳುಗಳನ್ನು ಸೊಟ್ಟ ಮಡಚಿ ತೋರಿಸಿದ. "ಮಾಸ್ತರ್ ಭಾಳ ಹೊತ್ತು ನೋಡಿದ್ರು. ಮುಟ್ಟಲಿಲ್ಲ. 'ನೀವಿಬ್ರೂ ಒಂದೇ ತಾಯಿ ಮಕ್ಕಳು ಅದೀರಿ ನೋಡು' ಅಂದು ಹೋದ್ರು."

"ನಿನಗ ನನ್ನ ಮ್ಯಾಲ ಸಿಟ್ಟು ಬರಲಿಲ್ಲೇನೋ?"

"ಬರ್ಲಾರದ ಏನು? ಎರಡು ವರ್ಷ ನಿನ್ನ ಕೂಡ ನೆಟ್ಟಗ ಮಾತಾಡಿದ್ದಿಲ್ಲ. ನಿನಗ ಗೊತ್ತೇ ಆಗ್ಲಿಲ್ಲ!" ನಕ್ಕ, ನಗು ಕೆಮ್ಮಾಯಿತು. "ಊರ ಮಂದೀದೆಲ್ಲಾ ಕಾಲು ನೋಡ್ಕೋತ ತಿರಗ್ಯಾಡಿದಿ, ತಮ್ಮನ ಮಾರಿ ನೋಡ್ಲಿಲ್ಲ ನೀನು. ಕುಡಿ, ಚಹಾ ಆರ್ಲಿಕತ್ತದ."

ಮಡಚಿದ ಬೆರಳುಗಳನ್ನು ಬಿಡಿಸಿ ತನ್ನ ಲೋಟ ಎತ್ತಿಕೊಂಡ. ಅಷ್ಟು ವರ್ಷ ಕಲ್ಲು ಹೊತ್ತರೂ ಆ ಬೆರಳುಗಳು ಉದ್ದವಾಗಿ, ನೇರವಾಗಿಯೇ ಇದ್ದವು. ನಾನು ಅವನ್ನು ನೋಡುತ್ತ ಕುಳಿತೆ. ನೋಡುವುದಷ್ಟೇ ನನಗೆ ಬರುವ ವಿದ್ಯೆ.

ಹೊಸದಾಗಿ ಈ ಕೆಲಸಕ್ಕೆ ಬಂದಿರುವ ನಿಮ್ಮಿಬ್ಬರಿಗೂ ಒಂದು ಕೆಲಸ ಹೇಳುತ್ತೇನೆ. ಆಫೀಸಿನಲ್ಲಿ ಹಳೆಯ ವರದಿಗಳ ಕಟ್ಟು ಇನ್ನೂ ಇದ್ದರೆ, ಆ ವರ್ಷದ ನನ್ನ ಹಾಳೆ ಹುಡುಕಿ ಇದನ್ನು ಅದರ ಜೊತೆ ಸೇರಿಸಿರಿ. ಮಾಸ್ತರ ಕ್ರಮದಲ್ಲೇ ಬರೆದಿದ್ದೇನೆ.

ಹೆಸರು: ಗುರುನಾಥ, ಶರಣಪ್ಪನ ತಮ್ಮ.

ಊರು: ದಂಡೋತಿ.

ಕಾಲು: ಗಟ್ಟಿ.

ಕೈ: ಬಿಚ್ಚಿಸಿ ನೋಡಿದ್ದೇನೆ. ಹತ್ತೂ ಬೆರಳು ಸರಿಯಾಗಿವೆ.

ಒಂದು ಮಾತು: ಲಿಫ್ಟರ್ ಸಿಕ್ಕಿದ್ದ.